ತಂತಿ ಹುಡುಕಿ ಲ್ಯಾಮಿಂಗ್ಟನ್ ರಸ್ತೆಗೆ

ಮುಂಬಯಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ನಮಗೆ ಲ್ಯಾಮಿಂಗ್ಟನ್ ರಸ್ತೆ ಹೊಸದಲ್ಲ. ಟೇಪ್ ರೆಕಾರ್ಡರು ಕೆಟ್ಟಾಗ ಹೋಗಿದ್ದೇವೆ; ಮಗಳಿಗೆ ಕಂಪ್ಯೂಟರು ಕೊಳ್ಳಲು ಹೋಗಿದ್ದೇವೆ; ಏನೂ ಕೊಳ್ಳದೆ ಸುಮ್ಮನೆ ನೋಡಿಕೊಂಡು ಬರಲೂ ಹೋಗಿದ್ದೇವೆ. ಆದರೆ ಒಂದೂವರೆ ಮೀಟರು ಉದ್ದದ ತಂತಿಯೊಂದರ ಸಲುವಾಗಿ ಆ ರಸ್ತೆಯನ್ನು ಒಂದು ಇಡೀ ಶನಿವಾರ ಅಳೆದದ್ದು ಮಾತ್ರ ಕಳೆದ ಕಾರ್ತಿಕದಲ್ಲಿಯೇ. ಆ ಕಥೆಯನ್ನು ಸಂಘದ ಬಂಧುಗಳ ಮುಂದೆ ಇಡಬೇಕೆನ್ನಿಸಿದೆ. ಏಕೆಂದರೆ ಇಂಥ ತಂತಿಯ ಮಾತು ಇಂದಲ್ಲ ನಾಳೆ ನಿಮ್ಮ ಮನೆಗೂ ಬಂದೀತು.

ಇದಕ್ಕೆಲ್ಲ ಕಾರಣ ನಮ್ಮ ತಾಯಿ. ಮಾಘ ಮಾಸದಲ್ಲಿ ಅವರಿಗೆ ಎಂಬತ್ತು ತುಂಬುವುದಿತ್ತು. ಧಾರವಾಡದ ಅಣ್ಣ, ಹೈದರಾಬಾದಿನ ತಂಗಿ, ನಾವು ಎಲ್ಲರೂ ಸೇರಿ ಇಪ್ಪತ್ತೆಂಟು ಸಾವಿರ ರೂಪಾಯಿ ಕೂಡಿಸಿದೆವು. ಏನು ಬೇಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು:

"ನನಗ ಸೀರಿ ಬ್ಯಾಡ, ಬಂಗಾರ ಬ್ಯಾಡ. ಮನ್ಸೂರರ ಹಾಡು ಮೊದಲಿನಂಗ ಕೇಳಸೂ ಹಂಗ ಮಾಡ್ರಿ. ಈಗೀಗ ಎಲ್ಲಾ ಮಸಕ ಮಸಕ ಆಗ್ಯದ."

ಮಲ್ಲಿಕಾರ್ಜುನ ಮನ್ಸೂರರನ್ನು ಎದುರಿಗೆ ಕುಳಿತು ಕೇಳಿದ ಕಿವಿ ಅದು. ಧಾರವಾಡದಲ್ಲಿದ್ದಾಗ ಅವರ ಹಾಡಿಕೆ ಇದೆಯೆಂದರೆ ಅಡಿಗೆಯನ್ನು ಬೇಗ ಮುಗಿಸಿ, ನಮ್ಮನ್ನು ಅಜ್ಜಿಯ ಹತ್ತಿರ ಬಿಟ್ಟು ಹೊರಟುಬಿಡುತ್ತಿದ್ದರು. ಮಾಟುಂಗಾಕ್ಕೆ ಬಂದ ಮೇಲೆ ಅವರ ಪಾಲಿಗೆ ಉಳಿದದ್ದು ನಮ್ಮ ನಡುಮನೆಯ ಒಂದು ಆಂಪ್ಲಿಫೈಯರು, ಒಂದು ಸಿ.ಡಿ. ಪ್ಲೇಯರು, ಎರಡು ಸ್ಪೀಕರು. ಹನ್ನೆರಡು ವರ್ಷದ ಸಾಮಾನು. ಹಾಡು ನಿಂತಾಗಲೂ ಅದರಿಂದ 'ಗುಂಯ್' ಎಂದು ಸಣ್ಣ ಸದ್ದೊಂದು ಬರುತ್ತಿತ್ತು. ಅದು ನಮಗೆ ರೂಢಿಯಾಗಿ ಹೋಗಿತ್ತು.

ಈ ಸುದ್ದಿ ಪುಣೆಯ ನಮ್ಮ ಭಾವಮೈದುನನ ಕಿವಿಗೆ ಬಿದ್ದಿತು. ಸಂಗೀತದಲ್ಲಿ ಅವನಿಗೆ ಇರುವ ಪ್ರೀತಿ ನಿಜವಾದದ್ದು. ಊಟ ಬಿಟ್ಟಾನು, ಸವಾಯಿ ಗಂಧರ್ವ ಉತ್ಸವ ಬಿಡನು. ಫೋನಿನಲ್ಲಿ ಅವನು ತೀರ್ಪು ಕೊಟ್ಟೇಬಿಟ್ಟ. "ಭಾವಾ, ನಿಮ್ಮ ಸಾಮಾನಿನ್ಯಾಗ ಏನೂ ದೋಷ ಇಲ್ಲ. ದೋಷ ಇರೋದು ಪವರ್ ಕಾರ್ಡಿನ್ಯಾಗ. ನಾ ಹೊಸಾದು ಹಾಕಿಸಿದೆ ನೋಡ್ರಿ, ಕಿಟಕಿ ತೆಗದಂಗ ಆತು."

ಪವರ್ ಕಾರ್ಡೆಂದರೆ ಗೋಡೆಯ ಪ್ಲಗ್ಗಿನಿಂದ ಯಂತ್ರದ ಬೆನ್ನಿಗೆ ಹೋಗುವ ಕರಿಯ ತಂತಿ, ಅಷ್ಟೆ. ಕಂಪ್ಯೂಟರಿಗೂ ಅದೇ ಇರುತ್ತದೆ. ಯಂತ್ರ ಕೊಂಡಾಗ ಪೆಟ್ಟಿಗೆಯಲ್ಲಿ ಜೊತೆಗೇ ಬರುತ್ತದೆ. ಅದನ್ನು ತೆಗೆದಿಟ್ಟು, ಬೇರೆ ಕಂಪೆನಿ ಮಾಡಿದ ದಪ್ಪ ತಂತಿಯನ್ನು ಹಾಕಿದರೆ ಹಾಡು ಸುಧಾರಿಸುತ್ತದೆ ಎಂಬ ನಂಬಿಕೆ ಲೋಕದಲ್ಲಿ ಬಹಳ ಜನಕ್ಕೆ ಇದೆ. ಭಾವಮೈದುನ ತನ್ನ ತಂತಿಗೆ ಕೊಟ್ಟದ್ದು ಇಪ್ಪತ್ತನಾಲ್ಕು ಸಾವಿರ. ಲಕ್ಷ ದಾಟುವ ತಂತಿಗಳೂ ಇವೆಯಂತೆ. ಮುಂದಿನ ಭಾನುವಾರ ತನ್ನದನ್ನೇ ತಂದು ಹಾಕಿ ತೋರಿಸುವುದಾಗಿಯೂ, ಅಷ್ಟರೊಳಗೆ ನಾವು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬೆಲೆ ವಿಚಾರಿಸಿ ಇಡಬೇಕೆಂದೂ ಅಪ್ಪಣೆಯಾಯಿತು. ಕೂಡಿಸಿದ ಹಣಕ್ಕೂ ತಂತಿಯ ಬೆಲೆಗೂ ಇದ್ದ ಹೊಂದಾಣಿಕೆ ನೋಡಿ, ಇದು ದೈವಸಂಕಲ್ಪವೇ ಇರಬೇಕೆಂದು ನಮಗೂ ಅನ್ನಿಸಿತು. ಮನೆಯಾಕೆ ಮಾತ್ರ, "ಹಳೇದನ್ನೂ ಚೀಲದಾಗ ಹಾಕ್ಕೊಂಡು ಹೋಗ್ರಿ, ಅಳತಿಗೆ ಬೇಕಾಗ್ತದ" ಎಂದಳು. ಬ್ಲೌಸಿನ ಬಟ್ಟೆ ಕೊಳ್ಳುವವರ ಬುದ್ಧಿ ಅದು. ಆ ಬುದ್ಧಿಯೇ ನಮ್ಮನ್ನು ಕಾಯ್ದಿತು; ಅದನ್ನು ಮುಂದೆ ಹೇಳುತ್ತೇವೆ.

ಮಾಟುಂಗಾ ರೋಡಿನಿಂದ ಸ್ಲೋ ಲೋಕಲ್ ಹಿಡಿದೆವು. ದಾದರ್, ಈಗ ಪ್ರಭಾದೇವಿಯೆನ್ನಿಸಿಕೊಳ್ಳುವ ಹಳೆಯ ಎಲ್‌ಫಿನ್‌ಸ್ಟನ್ ರೋಡ್, ಲೋವರ್ ಪರೇಲ್, ಮಹಾಲಕ್ಷ್ಮಿ, ಮುಂಬಯಿ ಸೆಂಟ್ರಲ್ ಕಳೆದು ಗ್ರಾಂಟ್ ರೋಡ್. ಪೂರ್ವಕ್ಕೆ ಇಳಿದು ಹಣ್ಣಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಸ್ವಲ್ಪ ನಡೆದರೆ ಬೇಕಾದ ರಸ್ತೆ ಸಿಕ್ಕುತ್ತದೆ. ಸರಕಾರಿ ಹಲಗೆಯ ಮೇಲೆ ಇದರ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಆದರೆ ೧೯೦೩ರಿಂದ ೧೯೦೭ರವರೆಗೆ ಮುಂಬಯಿಯ ಗವರ್ನರಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರನ್ನು ಜನರ ನಾಲಗೆ ಬಿಟ್ಟಿಲ್ಲ. ಟ್ಯಾಕ್ಸಿಯವನಿಗೆ ಹಲಗೆಯ ಹೆಸರು ಹೇಳಿ ನೋಡಿ; ಅವನು ನಿಮ್ಮ ಮುಖ ನೋಡುತ್ತಾನೆ.

ಈ ರಸ್ತೆ ಮೊದಲು ಹೆಸರಾದದ್ದು ಸಿನಿಮಾಕ್ಕೆ. ಇಲ್ಲಿಯ ಮಿನರ್ವಾ ಚಿತ್ರಮಂದಿರದಲ್ಲಿ ೧೯೭೫ರಲ್ಲಿ ತೆರೆಕಂಡ 'ಶೋಲೆ' ಐದು ವರ್ಷ ಓಡಿತು. ಎಪ್ಪತ್ತು ಮಿಲಿಮೀಟರ್ ಪರದೆ, ಸುತ್ತಲಿಂದ ಬರುವ ಸದ್ದು. ಎಸೆದ ನಾಣ್ಯ ತಮ್ಮ ಕುರ್ಚಿಯ ಕೆಳಗೇ ಬಿತ್ತೆಂದು ಬಗ್ಗಿ ಹುಡುಕಿದ ಜನರಿದ್ದರೆಂದು ಹಿರಿಯರು ಹೇಳುವುದುಂಟು. ಮಿನರ್ವಾ ಈಗಿಲ್ಲ. ಸದ್ದಿನ ವ್ಯಾಪಾರ ಮಾತ್ರ ಉಳಿದಿದೆ. ಸಾಲು ಸಾಲು ಅಂಗಡಿ, ಅಂಗಡಿಯೊಳಗೆ ಅಂಗಡಿ, ಓಣಿಯೊಳಗೆ ಮತ್ತೊಂದು ಓಣಿ. ಸ್ಪೀಕರು, ಮೈಕು, ಕಳ್ಳರನ್ನು ಕಾಯುವ ಕ್ಯಾಮರಾ, ಬೆಸುಗೆಯ ಕಡ್ಡಿ, ಉರುಳೆಗಟ್ಟಲೆ ವೈರು. ನಮ್ಮೂರ ಸಂತೆಯಲ್ಲಿ ಕಾಳುಕಡಿ ಸುರಿದಂತೆ ಡಬ್ಬಗಳಲ್ಲಿ ಸಣ್ಣ ಸಣ್ಣ ಬಿಡಿಭಾಗಗಳನ್ನು ಸುರಿದಿರುತ್ತಾರೆ. ಬೇಕಾದ್ದನ್ನು ಆರಿಸಿಕೊಳ್ಳಬಹುದು, ಆದರೆ ಬೇಕಾದದ್ದೇನೆಂದು ಗೊತ್ತಿರಬೇಕು.

ನಾವು ಮೊದಲು ಹೊಕ್ಕದ್ದು ತಂಪು ಗಾಳಿಯ, ಗಾಜಿನ ಬಾಗಿಲಿನ ಅಂಗಡಿಯೊಂದನ್ನು. ಪಾದರಕ್ಷೆ ಹೊರಗೆ ಬಿಡಬೇಕೇ ಎಂದು ಸಂದೇಹವಾಗುವಷ್ಟು ಶುಭ್ರ. ಅಲ್ಲಿನ ತರುಣ ಬಹಳ ವಿನಯದಿಂದ ಮಖಮಲ್ಲಿನ ಪೆಟ್ಟಿಗೆ ತೆರೆದು ತೋರಿಸಿದ. ಒಳಗೆ ನೀಲಿ ಹೆಣಿಗೆಯ ತಂತಿ, ನಮ್ಮ ಹೆಬ್ಬೆರಳಿಗಿಂತ ದಪ್ಪ, ಕೇರೆಹಾವಿನಂತೆ ಸುತ್ತಿ ಮಲಗಿತ್ತು. ಬೆಲೆ ಇಪ್ಪತ್ತಾರು ಸಾವಿರ. ಶುದ್ಧ ತಾಮ್ರ, ಬೆಳ್ಳಿಯ ಲೇಪ, ಹೊರಗಿನ ಗಲೀಜು ಒಳಗೆ ಬಾರದಂತೆ ಎರಡು ಪದರದ ಜಾಲರಿ ಎಂದು ವಿವರಿಸಿದ. ಅನಂತರ ನಮ್ಮನ್ನು ಸೋಫಾದ ಮೇಲೆ ಕೂರಿಸಿ ಒಂದು ಹಾಡು ಹಾಕಿದ. ಯಂತ್ರ ನಿಲ್ಲಿಸಿ ತಂತಿ ಬದಲಿಸಿದ. "ಈಗ ಗಾಯಕಿಯ ಉಸಿರು ಕೇಳಿ" ಎಂದು ಅದೇ ಹಾಡನ್ನು ಮತ್ತೆ ಹಾಕಿದ.

ಸುಳ್ಳು ಹೇಳಬಾರದು. ನಮಗೂ ಉಸಿರು ಕೇಳಿಸಿತು. ಹಾಡು ಹತ್ತಿರ ಬಂದಂತಾಯಿತು. ಭಾವಮೈದುನ ಹೇಳಿದ್ದು ನಿಜವೆಂದುಕೊಂಡು ಕೈ ಜೇಬಿನ ಕಡೆಗೂ ಹೋಯಿತು. ಆದರೆ ಅಷ್ಟು ದೊಡ್ಡ ನೋಟಿನ ಕಟ್ಟನ್ನು ಬಿಚ್ಚುವ ಮುಂಚೆ ಒಂದು ಚಹಾ ಕುಡಿಯುವುದು ನಮ್ಮ ಮನೆತನದ ಪದ್ಧತಿ. ಹೊರಗೆ ಬಂದೆವು.

ಚಹಾದ ಗಾಡಿಯ ಪಕ್ಕದಲ್ಲೇ ಒಂದು ಕಪಾಟಿನಷ್ಟು ಅಗಲದ ಅಂಗಡಿ. ಒಳಗೆ ಕನ್ನಡಕವನ್ನು ಹಣೆಗೇರಿಸಿಕೊಂಡ ಗುಜರಾತಿ ಮುದುಕರೊಬ್ಬರು ವೈರಿನ ತೊಗಟೆ ಸುಲಿಯುತ್ತಿದ್ದರು. ಚೀಲದಿಂದ ಹೊರಚಾಚಿದ್ದ ನಮ್ಮ ಹಳೆಯ ತಂತಿಯನ್ನು ನೋಡಿ, ಕೇಳದೆಯೇ ಕೈ ಚಾಚಿದರು. ತಂತಿಯನ್ನಲ್ಲ, ಅದರ ಪ್ಲಗ್ಗನ್ನು ತಿರುಗಿಸಿ ನೋಡಿದರು. ಐದಾರು ವರ್ಷಗಳ ಹಿಂದೆ ಮನೆ ಬದಲಿಸಿದಾಗ ಮೂಲದ ಪ್ಲಗ್ಗು ಒಡೆದು, ಯಾರೋ ಬೇರೆಯದನ್ನು ಕೂರಿಸಿ ಕೊಟ್ಟಿದ್ದರು. ಮುದುಕರು ಸ್ಕ್ರೂ ಬಿಚ್ಚಿ ಒಳಗನ್ನು ತೋರಿಸಿದರು. ಒಂದು ತಂತಿಯ ಎಳೆಗಳು ಸಡಿಲವಾಗಿ ಸುತ್ತಲೂ ಕಂದಾಗಿ ಸುಟ್ಟಿದ್ದವು. ಹಸುರು ತಂತಿಯನ್ನು ಅರ್ಥ್ ಪಿನ್ನಿಗೆ ಸೇರಿಸಿಯೇ ಇರಲಿಲ್ಲ. ಕತ್ತರಿಸಿ ಒಳಗೆ ತುರುಕಿದ್ದರು.

"ಇದು ಹಾಡಿನ ವಿಷಯವಲ್ಲ, ಪ್ರಾಣದ ವಿಷಯ" ಎಂದರು ಅವರು ಮುಂಬಯಿಯ ಹಿಂದಿಯಲ್ಲಿ. "ಮನೆಯಲ್ಲಿ ಮಕ್ಕಳಿದ್ದಾರೆಯೇ? ಒಳಗೆ ಏನಾದರೂ ಕೆಟ್ಟು ಕರೆಂಟು ಯಂತ್ರದ ಲೋಹದ ಮೈಗೆ ಬಂದರೆ, ಅದು ನೆಲಕ್ಕೆ ಇಳಿಯುವ ದಾರಿ ಈ ಹಸುರು ತಂತಿ. ಇದಿಲ್ಲದಿದ್ದರೆ, ಮುಟ್ಟಿದವರ ಮೈಯೇ ದಾರಿ."

ಐದಾರು ವರ್ಷ ನಮ್ಮ ತಾಯಿ ದಿನವೂ ಒದ್ದೆಗೈಯಲ್ಲಿ ಆ ಯಂತ್ರದ ಗುಂಡಿ ತಿರುಗಿಸಿದ್ದು ನೆನಪಾಯಿತು. ಕುಡಿದ ಚಹಾ ಗಂಟಲಲ್ಲೇ ನಿಂತಿತು. ಅರ್ಥವಿಲ್ಲದ ಮಾತು ಬಹಳ ಕೇಳಿದ್ದೇವೆ. ಅರ್ಥ್ ಇಲ್ಲದ ಪ್ಲಗ್ಗು ಅದಕ್ಕಿಂತ ಘೋರ.

ಐ.ಎಸ್.ಐ. ಗುರುತಿನ, ಪ್ಲಗ್ಗು ತಂತಿಯೊಡನೆ ಒಂದೇ ಅಚ್ಚಿನಲ್ಲಿ ಎರಕವಾದ ಸಾಧಾರಣ ಕಾರ್ಡೊಂದನ್ನು ಅವರು ಕೊಟ್ಟರು. ಬೆಲೆ ಮುನ್ನೂರೈವತ್ತು. ಎದುರಿನ ಅಂಗಡಿಯ ನೀಲಿ ತಂತಿಯ ವಿಷಯ ಕೇಳಿದೆವು. ವ್ಯಾಪಾರಿಗೆ ವ್ಯಾಪಾರಿಯ ಮೇಲೆ ಕಟುವಾಗಿ ಆಡುವ ಚಪಲವಿರುತ್ತದೆ, ಇವರಿಗೆ ಇರಲಿಲ್ಲ. ಒಂದು ಪ್ರಶ್ನೆ ಕೇಳಿದರು, ಅಷ್ಟೆ.

"ಈ ತಂತಿಯ ಆಚೆ ಏನಿದೆ?"

"ಗೋಡೆ."

"ಗೋಡೆಯ ಆಚೆ?"

ನಾವು ಸುಮ್ಮನಾದೆವು. ಅವರೇ ದಾರಿ ತೋರಿಸಿದರು. ಗೋಡೆಯೊಳಗೆ ಕಟ್ಟಡದ ಹಳೆಯ ವೈರು, ಕೆಳಗೆ ಮೀಟರು, ಅಲ್ಲಿಂದ ರಸ್ತೆಯಡಿಯಲ್ಲಿ ಬೆಸ್ಟ್‌ನವರ ಕೇಬಲ್ಲು, ಆಮೇಲೆ ಟ್ರಾನ್ಸ್‌ಫಾರ್ಮರುಗಳು, ದೊಡ್ಡ ಕಂಬಗಳ ಮೇಲಿನ ತಂತಿ, ಟ್ರಾಂಬೆಯ ಉಷ್ಣಸ್ಥಾವರ, ಸಹ್ಯಾದ್ರಿಯ ನೀರು. ಹೌದು, ಪುಣೆಗೆ ಹೋಗುವಾಗ ನಾವು ಚಿಕ್ಕಿ ಕೊಳ್ಳಲು ಇಳಿಯುವ ಲೋಣಾವಳಾದ ಸುತ್ತಿನ ಕೆರೆಗಳ ನೀರೇ ಘಟ್ಟದ ಅಂಚಿನಿಂದ ಕೊಳವೆಗಳಲ್ಲಿ ಸುಮಾರು ಐನೂರು ಮೀಟರು ಕೆಳಕ್ಕೆ ಧುಮುಕಿ ಖೋಪೋಲಿಯಲ್ಲಿ ಚಕ್ರ ತಿರುಗಿಸುತ್ತದೆ. ಟಾಟಾ ಅವರ ಆ ಕೇಂದ್ರ ಆರಂಭವಾದದ್ದು ೧೯೧೫ರಲ್ಲಿ. ಅದಕ್ಕೂ ಮುಂಚೆ, ೧೯೦೨ರಲ್ಲಿ, ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಸುಮಾರು ನೂರೈವತ್ತು ಕಿಲೋಮೀಟರು ನಡೆದುಹೋಗಿತ್ತಲ್ಲವೆ? ಇಷ್ಟೆಲ್ಲ ದಾರಿಯನ್ನು ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಪೆಟ್ಟಿಗೆ, ಎಣ್ಣೆಯ ತೊಟ್ಟಿ ಎಲ್ಲವನ್ನೂ ಹಾದು ಬಂದ ಕರೆಂಟು ಕೊನೆಯ ಒಂದೂವರೆ ಮೀಟರಿನಲ್ಲಿ ಬೆಳ್ಳಿಯ ಲೇಪ ಕಂಡು ಶುದ್ಧವಾಗುತ್ತದೆಯೇ ಎಂಬುದು ಮುದುಕರ ಪ್ರಶ್ನೆ.

"ಆದರೂ ಮಡಿಯುಟ್ಟವರು ಬಾಗಿಲಲ್ಲಿ ಕಾಲು ತೊಳೆಯುವುದಿಲ್ಲವೆ?" ಎಂದು ವಾದಿಸಿದೆವು.

ಅವರು ನಕ್ಕು ನೀರಿನ ಉಪಮೆಯನ್ನೇ ಕೊಟ್ಟರು. ಮುಂಬಯಿಯಲ್ಲಿ ಮ್ಯುನಿಸಿಪಾಲಿಟಿಯ ನೀರು ಗೊತ್ತಾದ ಹೊತ್ತಿಗೆ ಬರುತ್ತದೆ, ಕಟ್ಟಡದ ಟಾಕಿ ತುಂಬುತ್ತದೆ. ನಲ್ಲಿಯಲ್ಲಿ ನಾವು ಹಿಡಿಯುವುದು ಟಾಕಿಯ ನೀರು. ಆಂಪ್ಲಿಫೈಯರಿನ ಹೊಟ್ಟೆಯಲ್ಲೂ ಅದೇ ವ್ಯವಸ್ಥೆ. ಗೋಡೆಯ ೨೩೦ ವೋಲ್ಟು ಸೆಕೆಂಡಿಗೆ ಐವತ್ತು ಸಲ ಏರಿಳಿಯುತ್ತ ಬರುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರು ಅದನ್ನು ತಗ್ಗಿಸುತ್ತದೆ, ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ದೊಡ್ಡ ಕೆಪ್ಯಾಸಿಟರುಗಳು ಟಾಕಿಯಂತೆ ತುಂಬಿಕೊಂಡು ಸಮವಾಗಿ ಬಿಡುತ್ತವೆ. ಹಾಡು ಹುಟ್ಟುವುದು ಆ ಟಾಕಿಯಿಂದ. ಹೊರಗಿನ ಕೊಳವೆ ಹಿತ್ತಾಳೆಯದೋ ಬೆಳ್ಳಿಯದೋ ನಲ್ಲಿಗೆ ತಿಳಿಯುವುದಿಲ್ಲ. ಟಾಕಿ ತುಂಬುವಷ್ಟು ಅಗಲವಿದ್ದು, ಸೋರದಿದ್ದರೆ ಸಾಕು.

ಮುದುಕರಿಗೆ ನಮಸ್ಕಾರ ಹೇಳಿ ಹೊರಟವರಿಗೆ ಕೂಡಲೇ ಮನೆಗೆ ಹೋಗಲು ಮನಸ್ಸಾಗಲಿಲ್ಲ. ದಕ್ಷಿಣಕ್ಕೆ ನಡೆದೆವು. ರಸ್ತೆ ಮುಗಿಯುವುದು ಆಪೆರಾ ಹೌಸಿನ ಬಳಿ. ೧೯೧೧ರಲ್ಲಿ ದೊರೆ ಐದನೆಯ ಜಾರ್ಜ್ ಉದ್ಘಾಟಿಸಿದ ನಾಟಕಶಾಲೆ. ೧೯೯೩ರಲ್ಲಿ ಮುಚ್ಚಿ, ದುರಸ್ತಿಯಾಗಿ ೨೦೧೬ರಲ್ಲಿ ಮತ್ತೆ ತೆರೆಯಿತು. ಕನ್ನಡಿಗರಾದವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಾಟಕಶಾಲೆಯ ಸಲುವಾಗಿ ಅಲ್ಲ. ಪ್ರೊಫೆಸರ್ ಬಿ. ಆರ್. ದೇವಧರರ ಸಂಗೀತಶಾಲೆ ಇದ್ದದ್ದು ಈ ಆಸುಪಾಸಿನಲ್ಲಿ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠನೆಂಬ ಹುಡುಗ ಇಲ್ಲಿ ಕಲಿತ. ಲೋಕ ಅವನನ್ನು ಕುಮಾರ ಗಂಧರ್ವನೆಂದು ಕರೆಯಿತು. ೧೯೩೬ರಲ್ಲಿ ಮುಂಬಯಿಯ ಜಿನ್ನಾ ಹಾಲಿನ ಸಂಗೀತ ಸಮ್ಮೇಳನದಲ್ಲಿ ಆ ಬಾಲಕ ಹಾಡಿದಾಗ ದೊಡ್ಡ ದೊಡ್ಡ ವಿದ್ವಾಂಸರೇ ಬೆರಗಾದರು.

ಆ ಹುಡುಗ ದೇವಧರರ ಹತ್ತಿರ ಬರುವ ಮುಂಚೆ ಕಲಿತದ್ದು ಹೇಗೆಂದು ನೆನೆಸಿಕೊಳ್ಳಿ. ದೊಡ್ಡ ಗಾಯಕರ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ, ಕೇಳಿದ್ದನ್ನು ಹಾಗೆಯೇ ಒಪ್ಪಿಸುತ್ತಿದ್ದ. ಆ ಕಾಲದ ಗ್ರಾಮೊಫೋನೆಂದರೆ ಸಾಮಾನ್ಯವಾಗಿ ಕೀಲಿ ತಿರುಗಿಸಿ ಓಡಿಸುವ ಪೆಟ್ಟಿಗೆ. ಕರೆಂಟಿಲ್ಲ, ಪ್ಲಗ್ಗಿಲ್ಲ, ಕಾರ್ಡಿಲ್ಲ. ಮುಳ್ಳಿನ ಕರಕರ ಬೇಕಾದಷ್ಟು. ಅಂಥ ಪೆಟ್ಟಿಗೆಯಿಂದ ಒಂದು ಮಗುವಿನ ಕಿವಿ ಇಡೀ ಗಾಯಕಿಯನ್ನು ಎತ್ತಿಕೊಂಡಿತು. ಪೆಟ್ಟಿಗೆ ದೊಡ್ಡದೋ ಕಿವಿ ದೊಡ್ಡದೋ ಎಂದು ಯೋಚಿಸುತ್ತ ರೈಲು ಹತ್ತಿದೆವು. ಆ ಯೋಚನೆಯ ಪೂರ್ತಿ ಅರ್ಥ ಮಾತ್ರ ಆಗ ನಮಗೆ ಹೊಳೆಯಲಿಲ್ಲ.

ಭಾನುವಾರ ಭಾವಮೈದುನ ಬಂದ. ತಂತಿಯನ್ನು ಶಾಲು ಸುತ್ತಿ ತಂದಿದ್ದ. ನಮ್ಮ ತಾಯಿ ನೋಡಿ, "ಇದೇನಪಾ, ಭಾವ್ಯಾಗಿಂದ ಕೊಡಾ ಸೇದೂ ಹಗ್ಗ?" ಎಂದರು. ಮುದುಕರ ಮಾತನ್ನು ಅವನಿಗೆ ಹೇಳಿದೆವು. ಅವನು ಒಪ್ಪಲಿಲ್ಲ. "ಲೆಕ್ಕ ಬ್ಯಾರೆ, ಕಿವಿ ಬ್ಯಾರೆ, ಭಾವಾ." ಅದು ನ್ಯಾಯವಾದ ಮಾತು. ಹಾಗಾದರೆ ಕಿವಿಯೇ ಹೇಳಲಿ ಎಂದು ಪಂಚಾಯಿತಿಗೆ ಕುಳಿತೆವು.

ಏರ್ಪಾಟು ಮಾಡಿದವಳು ಇಂಜಿನಿಯರಿಂಗ್ ಓದುವ ಮಗಳು. ಯಂತ್ರದ ಹಿಂದೆ ಹಾಸಿಗೆಯ ಚಾದರ ಕಟ್ಟಿದಳು. ಹಿಂದೆ ಅವಳ ತಾಯಿ ನಾಣ್ಯ ಚಿಮ್ಮಬೇಕು. ಸಿಂಹ ಬಿದ್ದರೆ ನೀಲಿ ತಂತಿ, ಅಂಕೆ ಬಿದ್ದರೆ ಮುನ್ನೂರೈವತ್ತರ ಕರಿ ತಂತಿ. ಪ್ರತಿ ಸಲವೂ ಯಂತ್ರ ನಿಲ್ಲಿಸಿ ತಂತಿ ಕಳಚಿ ಹಾಕಬೇಕು. ಹಿಂದಿನದೇ ಮತ್ತೆ ಬಂದರೂ ಕಳಚಿ ಹಾಕಿದ ಸದ್ದು ಮಾಡಬೇಕು. ಸ್ವರದ ಗುಂಡಿ ಮುಟ್ಟಕೂಡದು. ಮನ್ಸೂರರ ಒಂದೇ ಆಲಾಪ, ಒಂದೇ ನಿಮಿಷ, ಹನ್ನೆರಡು ಸಲ. ಕೇಳಿದವರು ಮಾತಾಡದೆ ಚೀಟಿಯಲ್ಲಿ ಬರೆಯಬೇಕು.

ಮೊದಲನೆಯ ಸಲ ಭಾವಮೈದುನ ಕಣ್ಣು ಮುಚ್ಚಿ ತಲೆದೂಗಿ ಥಟ್ಟನೆ ಬರೆದ. ಐದನೆಯ ಸಲಕ್ಕೆ ಹುಬ್ಬು ಗಂಟಾಯಿತು. ಒಂಬತ್ತನೆಯ ಸಲಕ್ಕೆ, "ಇನ್ನೊಮ್ಮೆ ಹಾಕು" ಎಂದ. ಹನ್ನೆರಡೂ ಮುಗಿದ ಮೇಲೆ ಮಗಳು ಚೀಟಿ ತಾಳೆ ನೋಡಿದಳು. ಅವನದು ಏಳು ಸರಿ, ನಮ್ಮದು ಐದು ಸರಿ. ಕೇಳದೆ ಸುಮ್ಮನೆ ನಾಣ್ಯ ಚಿಮ್ಮಿ ಬರೆದಿದ್ದರೂ ಆರರ ಆಸುಪಾಸು ಬರುತ್ತಿತ್ತು.

ಹನ್ನೆರಡು ಸಲ ಬಹಳ ಕಡಿಮೆ ಎನ್ನುವವರಿಗೆ ಒಂದು ಮಾತು. ೨೦೦೪ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಸಂಗೀತಾಸಕ್ತರು ಇಂಥದೇ ಪರೀಕ್ಷೆ ಮಾಡಿದ್ದರು. ಅತಿ ಬೆಲೆಯ ಕಾರ್ಡು ಒಂದು, ಪೆಟ್ಟಿಗೆಯಲ್ಲಿ ಬರುವಂಥ ಸಾಧಾರಣ ಕಾರ್ಡು ಇನ್ನೊಂದು. ಕೇಳಿದವರು ಕೊಟ್ಟ ೧೪೯ ಉತ್ತರಗಳಲ್ಲಿ ಸರಿಯಾದವು ೭೩, ಅಲ್ಲಿಯೂ ಅರ್ಧಕ್ಕರ್ಧ.

ಮಗಳು ಕಾಗದದ ಮೇಲೆ ಲೆಕ್ಕವನ್ನೂ ತೋರಿಸಿದಳು. ನಮ್ಮ ಯಂತ್ರ ಮನೆಯ ಮಟ್ಟದಲ್ಲಿ ಹಾಡುವಾಗ ಅರ್ಧ ಆಂಪಿಯರು ಎಳೆಯಿತೆಂದು ಇಟ್ಟುಕೊಂಡರೆ, ಕರಿ ತಂತಿಯಲ್ಲಿ ಕಳೆದುಹೋಗುವುದಕ್ಕೂ ನೀಲಿ ತಂತಿಯಲ್ಲಿ ಕಳೆದುಹೋಗುವುದಕ್ಕೂ ಇರುವ ಅಂತರ ಒಂದು ವೋಲ್ಟಿನ ಐವತ್ತರಲ್ಲಿ ಒಂದು ಪಾಲು. ಪಕ್ಕದ ಮನೆಯವರು ಗೀಸರು ಹಾಕಿದರೆ ಇದರ ಎಷ್ಟೋ ಪಟ್ಟು ಏರುಪೇರಾಗುತ್ತದೆ. ಕೆಳಗಿನ ಮೀಟರಿನಿಂದ ನಮ್ಮ ಮೂರನೆಯ ಮಹಡಿಗೆ ಹೋಗಿಬರುವ ತಂತಿಯೇ ಐವತ್ತು ಮೀಟರಿಗೆ ಕಡಿಮೆಯಿಲ್ಲ.

ಭಾವಮೈದುನ ಬಹಳ ಹೊತ್ತು ಮಾತಾಡಲಿಲ್ಲ. ನಮಗೆ ಸಂಕಟವಾಯಿತು. ಅಂಗಡಿಯ ಸೋಫಾದ ಮೇಲೆ ನಮಗೂ ಉಸಿರು ಕೇಳಿಸಿದ್ದನ್ನು ಅವನಿಗೆ ಹೇಳಿದೆವು. ಇದು ಸುಳ್ಳುಗಾರಿಕೆಯಲ್ಲ. ಹೊಸದು ಬಂತೆಂದು ಮನಸ್ಸು ಎದ್ದು ಕುಳಿತಾಗ, ಎಂದಿನಿಂದಲೂ ಇದ್ದದ್ದು ಅಂದು ಕೇಳಿಸುತ್ತದೆ. ಅಲ್ಲದೆ ವರ್ಷಗಟ್ಟಲೆ ಒಂದೇ ಕಡೆ ಕೂತ ಪ್ಲಗ್ಗನ್ನು ಕಿತ್ತು ಹಾಕಿದಾಗ ಪಿನ್ನಿನ ಕಿಲುಬು ಉಜ್ಜಿಹೋಗಿ ನಿಜವಾಗಿ ಉಪಕಾರವಾಗುವುದೂ ಉಂಟು. ಅದಕ್ಕೆ ಇಪ್ಪತ್ತನಾಲ್ಕು ಸಾವಿರ ಬೇಡ, ಅಷ್ಟೆ.

ಆಗ ಅವನು ಎದ್ದ. "ಅದು ಹೋಗ್ಲಿ ಭಾವಾ. ಈ ಗುಂಯ್ ಸದ್ದು ಎರಡೂ ತಂತಿಗೂ ಒಂದಽ ಅದ. ಅದನ್ನಾದ್ರೂ ಹಿಡೀತೀನಿ" ಎಂದು ಸೊಂಟ ಕಟ್ಟಿದ. ಯಂತ್ರಕ್ಕೆ ಬಂದು ಸೇರುವ ಒಂದೊಂದೇ ತಂತಿಯನ್ನು ಕಳಚುತ್ತ ಹೋದ. ಸಿ.ಡಿ. ಪ್ಲೇಯರು ಕಳಚಿದ, ಗುಂಯ್. ರೇಡಿಯೋ ಕಳಚಿದ, ಗುಂಯ್. ಟಿ.ವಿ.ಗೆ ಬರುವ ಕೇಬಲ್ಲಿನ ತಂತಿ ಕಳಚಿದ, ನಿಶ್ಶಬ್ದ! ಕಾರಣ ಇಷ್ಟೇ. ಕೇಬಲ್ಲಿನ ಹೊರಜಾಲರಿ ಎಲ್ಲಿಯೋ ಒಂದು ಕಡೆ ನೆಲ ಕಂಡಿರುತ್ತದೆ. ನಮ್ಮ ಮನೆಯ ಸಾಮಾನು ಇನ್ನೊಂದು ಕಡೆ. ಎರಡು ನೆಲಗಳ ಸಣ್ಣ ವ್ಯತ್ಯಾಸದಿಂದ ಹಾಡಿನ ತಂತಿಯ ಜಾಲರಿಯಲ್ಲಿ ಐವತ್ತು ಆವರ್ತದ ಕರೆಂಟು ಹರಿದು ಗುಂಯ್‌ಗುಡುತ್ತದೆ. ಕೇಬಲ್ಲಿನ ನಡುವೆ ಹಾಕುವ ಸಣ್ಣ ಐಸೊಲೇಟರು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಕ್ಕುತ್ತದೆ. ಈ ಸದ್ದು ನಿಲ್ಲಿಸಲು ಕೆಲವರು ಅರ್ಥ್ ಪಿನ್ನನ್ನೇ ಮುರಿದುಹಾಕುತ್ತಾರೆ. ದಯವಿಟ್ಟು ಯಾರ ಮಾತು ಕೇಳಿಯೂ ಹಾಗೆ ಮಾಡಬೇಡಿ. ವಿದೇಶದಿಂದ ಬಂದ ಮೂರು ಪಿನ್ನಿನ ಕಾರ್ಡಿಗೆ ಎರಡು ಪಿನ್ನಿನ ಅಡಾಪ್ಟರು ಸಿಕ್ಕಿಸುವುದೂ ಅದೇ ತಪ್ಪು.

ಗುಂಯ್ ಹೋದ ಸಂತೋಷಕ್ಕೆ ಮನೆಯೆಲ್ಲ ಕುಳಿತು ಮನ್ಸೂರರನ್ನು ಮೊದಲಿನಿಂದ ಹಾಕಿದೆವು. ತಂಬೂರಿ ಎದ್ದಿತು. ಎಷ್ಟು ಸ್ವಚ್ಛ! ಮಗಳು ಅಜ್ಜಿಯ ಕಡೆ ತಿರುಗಿ, "ಅಜ್ಜಿ, ತಂಬೂರಿ ಹೆಂಗ ಕೇಳಸ್ತದ?" ಎಂದಳು.

"ಎಲ್ಲದ ತಂಬೂರಿ?" ಎಂದರು ನಮ್ಮ ತಾಯಿ. "ಇನ್ನೂ ಸುರೂನ ಆಗಿಲ್ಲಲ್ಲ?"

ಯಾರೂ ಮಾತಾಡಲಿಲ್ಲ. ತಂಬೂರಿ ನುಡಿಯುತ್ತಲೇ ಇತ್ತು. ಕೊನೆಗೆ ಮನೆಯಾಕೆ ಮೆಲ್ಲಗೆ, "ಅತ್ತಿಯವರ ಕಿವಿ ಒಮ್ಮೆ ತೋರಸೂಣಲ್ಲ?" ಎಂದಳು.

ಈಗ ಹಿಂದಿರುಗಿ ನೋಡಿದರೆ ಎಲ್ಲ ಕಣ್ಣಮುಂದೆಯೇ ಇತ್ತು. ಮಾತು ಕೇಳಿಸುತ್ತಿತ್ತು, ಸ್ಪಷ್ಟವಾಗುತ್ತಿರಲಿಲ್ಲ. 'ಸಾರು' ಎಂದರೆ 'ಯಾರು?' ಎನ್ನುತ್ತಿದ್ದರು. ಮೊಮ್ಮಗಳ ಫೋನು ಪಕ್ಕದಲ್ಲೇ ಕೂಗಿದರೂ ತಿರುಗುತ್ತಿರಲಿಲ್ಲ. ನಾವು ಅದಕ್ಕೆ ವಯಸ್ಸೆಂದೂ ಮರೆವೆಂದೂ ಹೆಸರಿಟ್ಟು ಸುಮ್ಮನಿದ್ದೆವು. ಅವರೂ ಪಾಪ, ದೋಷವನ್ನು ಯಂತ್ರದ ಮೇಲೆ ಹಾಕಿ ಸುಮ್ಮನಿದ್ದರು.

ಬಾಂದ್ರಾದಲ್ಲಿ ೧೯೮೩ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನಲ್ಲಿ ೧೯೬೫ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮಗೆ ಹತ್ತಿರದ್ದು ಬಾಂದ್ರಾ. ಸದ್ದು ಹೊಗದ ಕೋಣೆಯಲ್ಲಿ ನಮ್ಮ ತಾಯಿಗೆ ಕಿವಿಗವಸು ಹಾಕಿ, ಸ್ವರ ಕೇಳಿದಾಗ ಕೈ ಎತ್ತಲು ಹೇಳಿದರು. ಕೆಳಗಿನ ಸ್ವರಗಳಿಗೆ ಕೈ ಎದ್ದಿತು. ಸ್ವರ ಏರಿದಂತೆ ಕೈ ತಡವಾಯಿತು. ಕೊನೆಕೊನೆಗೆ ಮಡಿಲಲ್ಲೇ ಉಳಿಯಿತು. ಗಾಜಿನ ಈಚೆ ಕುಳಿತು ಆ ಏಳದ ಕೈಯನ್ನು ನೋಡುವುದು ಸುಲಭವಾಗಿರಲಿಲ್ಲ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಸವೆಯುವುದು ಮೇಲಿನ ಸ್ವರಗಳೇ ಅಂತೆ. ತಂಬೂರಿಯ ಜವಾರಿ, ಮಾತಿನ ಸಕಾರ, ಶಕಾರ ಎಲ್ಲ ಇರುವುದು ಅಲ್ಲಿಯೇ. ಯಾವ ದೇಶದ ಯಾವ ತಂತಿಯೂ ಅದನ್ನು ಮರಳಿ ತರಲಾರದು.

ಕೂಡಿಸಿದ ಇಪ್ಪತ್ತೆಂಟು ಸಾವಿರಕ್ಕೆ ಇನ್ನಷ್ಟು ಸೇರಿಸಿ ಎರಡು ಕಿವಿಗೂ ಶ್ರವಣಯಂತ್ರ ಮಾಡಿಸಿದೆವು. ಆ ಇನ್ನಷ್ಟನ್ನು ಕೊಟ್ಟವನು ಭಾವಮೈದುನ. ಮೊದಲ ಮೂರು ವಾರ ಮನೆಯಲ್ಲಿ ರಾಮಾಯಣ. "ತಾಟಿನ ಸಪ್ಪಳ ತಲೀ ಒಡೀತದ" ಎಂದು ತೆಗೆದಿಡುವರು. ಮಗಳು ಗದರಿಸಿ ಮತ್ತೆ ಹಾಕುವಳು. ಅಭ್ಯಾಸವಾಗಲು ದಿನ ಹಿಡಿಯುತ್ತದೆ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಎಂದು ಬಾಂದ್ರಾದವರು ಮುಂಚೆಯೇ ಹೇಳಿದ್ದರು.

ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಪವರ್ ಕಾರ್ಡು ಯಂತ್ರಕ್ಕೆ ತಕ್ಕಷ್ಟು ದಪ್ಪವಿರಲಿ, ಐ.ಎಸ್.ಐ. ಗುರುತಿರಲಿ, ಮೂರು ಪಿನ್ನೂ ಗಟ್ಟಿಯಾಗಿರಲಿ, ಹಾಡಿನ ತೆಳು ತಂತಿಗಳಿಂದ ಒಂದು ಗೇಣು ದೂರವಿರಲಿ. ಅದಕ್ಕೆ ಮೇಲಿನದು ಕಣ್ಣಿಗೆ ಅಲಂಕಾರ. ಭಾವಮೈದುನನ ನೀಲಿ ತಂತಿ ಇಂದಿಗೂ ಪುಣೆಯಲ್ಲಿ ಅವನ ಯಂತ್ರಕ್ಕೇ ಇದೆ. "ಛಂದ ಕಾಣಸ್ತದ, ಭಾವಾ" ಎನ್ನುತ್ತಾನೆ. ಅದಕ್ಕೆ ನಮ್ಮ ತಕರಾರಿಲ್ಲ.

ಮಾಘದಲ್ಲಿ ಹುಟ್ಟುಹಬ್ಬ ಆಯಿತು. ಧಾರವಾಡದಿಂದ, ಹೈದರಾಬಾದಿನಿಂದ ಎಲ್ಲರೂ ಬಂದಿದ್ದರು. ಊಟವಾದ ಮೇಲೆ ಮಗಳು ತಂಬೂರಿ ತೆಗೆದು ಹಾಡಲು ಕುಳಿತಳು. ಇನ್ನೂ ಷಡ್ಜ ಹಿಡಿದಿರಲಿಲ್ಲ. ಮೂಲೆಯ ಕುರ್ಚಿಯಿಂದ ನಮ್ಮ ತಾಯಿ ಕೈ ಎತ್ತಿದರು.

"ತಡಿ ಪುಟ್ಟೀ. ಮೊದಲನೇ ತಂತಿ ಇಳದದ. ಒಂಚೂರು ಏರಸು."